ತೊಳೆದಿಡು

ಮಂಗಳವಾರ, ಮಾರ್ಚ್ ೧೧

ಆ ಹಳದಿ ಚೀಟಿ ಈಗಲೂ ಕಂಪ್ಯೂಟರಿಗೆ ಅಂಟಿಕೊಂಡೇ ಇರುತ್ತದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವರು ಅದನ್ನು ಓದುತ್ತಾರೆ.

ಆಫೀಸಿನ ಮೇಜು ನನ್ನೊಬ್ಬಳದಲ್ಲ. ಮಂಗಳವಾರ, ಗುರುವಾರ ನಾನು ಕೂರುತ್ತೇನೆ, ಉಳಿದ ದಿನ ಇನ್ಯಾರೋ. ಹೊಸದಾಗಿ ಸೇರಿದ ಹುಡುಗಿ ಎಂದೇ ನಂಬಿದ್ದೆ. ಇವತ್ತು ಹೋದರೆ ಮೂಲೆಯಲ್ಲಿ ಕಾಫಿ ಒಣಗಿದ ಬಿಳಿ ಲೋಟ, ಅದರ ಮೇಲೊಂದು ಕಾಗದ ಮುಚ್ಚಿತ್ತು. ಪಿತ್ತ ನೆತ್ತಿಗೇರಿತು. ‘ಎಂಜಲು ಲೋಟ ತೊಳೆದಿಡು’ ಎಂದು ಬರೆದು ಅಂಟಿಸಿ ಬಂದೆ.

ಸಂಜೆ ಪಕ್ಕದ ಸೀಟಿನವಳು ಮನೆಯಿಂದ ಫೋನ್ ಮಾಡಿದಳು. “ಏನೇ ಅದು ಚೀಟಿ? ಅಲ್ಲಿ ಕೂರೋದು ದೊಡ್ಡ ಮೇಡಂ ಕಣೆ. ಅವರ ರೂಮು ತೆಗೆದುಬಿಟ್ರಲ್ಲ.”

ನನ್ನ ಕೆಲಸ ಖಾಯಂ ಆಗಲು ಸಹಿ ಹಾಕಬೇಕಾದವರೂ ಅವರೇ. ಬೇಗ ಹೋಗಿ ಕಿತ್ತುಹಾಕೋಣವೆಂದರೆ ಬುಧವಾರ ನನ್ನ ಕಾರ್ಡಿಗೂ ಪಕ್ಕದ ಸೀಟಿನವಳ ಕಾರ್ಡಿಗೂ ಬಾಗಿಲು ತೆರೆಯುವುದಿಲ್ಲ.

ತಂಗಿಗೆ ಹೇಳಿದರೆ ನಗುತ್ತಾಳೆ. “ತೊಳೆದಿಡಿ ಅಂತ ಗುಡಿಸು ಕೊಡೋದು ಬಿಟ್ಟು ಕೊಂಬು ಕೊಟ್ಟಿದ್ದೀಯಲ್ಲ ಅಕ್ಕ. ನಿನಗೇ ಕೊಂಬು ಬಂದಿದೆ ಅಂದ್ಕೋತಾರೆ.” ನನಗೆ ನಗು ಬರಲಿಲ್ಲ.

ಈಗ ಮಲಗುವ ಮುಂಚೆ ತುಟಿಯ ಬಣ್ಣವನ್ನು ಹತ್ತಿಯಿಂದ ಒರೆಸಿದೆ. ಇಟ್ಟಿಗೆಗೆಂಪು. ಆ ಲೋಟದ ಅಂಚಿಗೂ ಇದೇ ಬಣ್ಣ ಮೆತ್ತಿತ್ತು. ಹೋದ ಗುರುವಾರ ಮೀಟಿಂಗಿಗೆ ಕರೆದರೆಂದು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಓಡಿದವಳು ನಾನೇ.

ಶುಕ್ರವಾರ, ಸೋಮವಾರ, ಎರಡು ದಿನ ಮೇಡಂ ನನ್ನ ಎಂಜಲಿನ ಪಕ್ಕ ಕೂತು ಕೆಲಸ ಮಾಡಿದ್ದಾರೆ. ಒಂದು ಚೀಟಿಯನ್ನೂ ಬರೆಯದೆ, ಸುಮ್ಮನೆ ಕಾಗದ ಮುಚ್ಚಿಟ್ಟಿದ್ದಾರೆ.