ರೊಟ್ಟಿ ತೋರಿಸಿ ಕರೆದದ್ದು

ಕಲಬುರಗಿ
೧೨ ಮಾರ್ಚ್ ೨೦೨೫, ಬುಧವಾರ

ಪ್ರೀತಿಯ ಮಗಳು ಮಲ್ಲಿಕಾಗೆ ಅವ್ವನ ಆಶೀರ್ವಾದ.

ಹೇಗಿದ್ದೀ? ಕಮಲಾಪುರದ ಬಿಸಿಲಿಗೆ ತಲೆನೋವು ಮತ್ತೆ ಶುರುವಾಗಿದೆಯೇ? ನನ್ನ ಮಗಳು ನರ್ಸಮ್ಮ ಊರವರ ಜೀವ ನೋಡುತ್ತಾಳೆ, ತನ್ನ ಹೊಟ್ಟೆ ನೋಡುವುದಿಲ್ಲ. ಪಾಳಿ ಯಾವುದೇ ಇರಲಿ, ಊಟ ತಪ್ಪಿಸಬೇಡ. ಇಪ್ಪತ್ತು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ಟಂಟಂ ಆಟೋ ಓಡಿಸುವ ಮೈಬೂಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿಯುವುದಿದ್ದರೆ ಓದಿದ ಮೇಲೆ ಹರಿ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಖಾನಾವಳಿಗೆ ದಿನಾ ನೂರೈವತ್ತು ರೊಟ್ಟಿ ಬಡಿಯುವುದು ತಪ್ಪಿಲ್ಲ. ನೀನು ಸಾಕಿ ನನ್ನ ತಲೆಗೆ ಕಟ್ಟಿಹೋದ ನಾಯಿಯ ಪ್ರತಾಪ ನಿನಗೆ ಗೊತ್ತೇ ಇದೆ. ಕಡಕ್ ರೊಟ್ಟಿಯನ್ನು ಮಾಳಿಗೆಯ ಮೇಲೆ ಒಣಗಲು ಹರವಿದ್ದರೆ, ನಿನ್ನ ಬಾದಶಾ ಹಾಸಿದ ಬಟ್ಟೆಯ ಸಮೇತ ಎಳೆದುಕೊಂಡು ಮೆಟ್ಟಿಲಿಳಿದಿದ್ದ. ಪಂಜರ ತಂದಿಟ್ಟವಳೂ ನೀನೇ. ಅದು ಜೇಲಲ್ಲ, ಅವನ ಖೋಲಿ ಅಂದೆ. ಬಾಗಿಲು ತೆಗೆದಿಡು, ಒಳಗೇ ಉಣಿಸು, ತಾನಾಗಿಯೇ ಹೋಗಿ ಮಲಗಲಿ, ಸಿಟ್ಟಿನಲ್ಲಿ ಕೂಡಿಹಾಕಬೇಡ ಎಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋದೆ. ತಾನಾಗಿ ಹೋಗಲಿ ಎಂದು ಕಾಯುತ್ತ ಕೂತರೆ ಖಾನಾವಳಿಯವರು ಕಾಯುತ್ತಾರೆಯೇ? ನಾನು ರೊಟ್ಟಿಯ ಚೂರು ತೋರಿಸಿ “ಬಾರೋ ನನ್ನ ರಾಜಾ” ಎಂದು ಕರೆಯುತ್ತಿದ್ದೆ, ಒಳಗೆ ಹೋದೊಡನೆ ಅಗಳಿ ಹಾಕುತ್ತಿದ್ದೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಹತ್ತು ದಿನ ಮೋಸಹೋದ. ಆಮೇಲೆ ನನ್ನ ಕೈಯಲ್ಲಿ ರೊಟ್ಟಿ ಕಂಡರೆ ಸಾಕು, ಮಂಚದ ಕೆಳಗೆ ಸೇರುತ್ತಿದ್ದ. ನಾನೇ ಕುತ್ತಿಗೆಪಟ್ಟಿ ಹಿಡಿದು ಎಳೆದು ತಳ್ಳುತ್ತಿದ್ದೆ. ಇದನ್ನೆಲ್ಲ ಫೋನಿನಲ್ಲಿ ನಗುತ್ತ ನಿನಗೆ ಹೇಳಿದವಳೂ ನಾನೇ.

ಆ ದಿನದ ಮಾತು ಬರೆಯದೆ ಗತಿಯಿಲ್ಲ. ನಿನ್ನ ಸೋದರಮಾವ ಅಣವೀರಪ್ಪ ಗಂಡಿನ ಕಡೆಯವರನ್ನು ಕರೆತರುತ್ತೇನೆ ಎಂದ. ಇದ್ದದ್ದು ಹೇಳಿದ್ದರೆ ನೀನು ಬರುತ್ತಿರಲಿಲ್ಲ. ಬಾದಶಾ ಎರಡು ದಿನದಿಂದ ಉಂಡಿಲ್ಲ, ಕಣ್ಣು ತೆರೆಯುತ್ತಿಲ್ಲ ಎಂದು ಸುಳ್ಳು ಹೇಳಿದೆ. ನೀನು ಡ್ಯೂಟಿ ಬಿಟ್ಟು, ಔಷಧದ ಚೀಲ ಹಿಡಿದು ಓಡಿಬಂದೆ. ಪಡಸಾಲೆಯಲ್ಲಿ ಐದು ಜನ ಚಹಾ ಕುಡಿಯುತ್ತಿದ್ದರು. ಬಾದಶಾ ಅಡುಗೆಮನೆಯ ಪಂಜರದಲ್ಲಿ ಗಟ್ಟಿಮುಟ್ಟಾಗಿ ಬೊಗಳುತ್ತಿದ್ದ. ನೀನು ಅವರೆಲ್ಲರ ಮುಂದೆಯೇ ಅಂದೆ: “ಬಾದಶಾಗೂ ರೊಟ್ಟಿ ತೋರ್ಸಿ ಕರದಿ, ನನಗೂ ಹಂಗೇ ಕರದಿ. ಇನ್ನ ಅಗಳಿ ಹಾಕೋದೊಂದು ಬಾಕಿ ಅದ ನೋಡವ್ವಾ.” ಬಂದ ಕಾಲಲ್ಲೇ ತಿರುಗಿ ಹೋದೆ.

ಬಂದವರು ಎದ್ದುಹೋದರು. ನನ್ನ ತಮ್ಮ ಇಂದಿಗೂ ನನ್ನನ್ನು ಮಾತಾಡಿಸಿಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು, ಈಗಲೂ ಇದೆ. ಇಪ್ಪತ್ತೊಂಬತ್ತು ವರ್ಷದ ಮಗಳು ಮದುವೆ ಬೇಡವೆಂದರೆ ಓಣಿಗೆ ಉತ್ತರ ಹೇಳುವವಳು ನಾನು, ನೀನಲ್ಲ. ಆದರೆ ಹಿಟ್ಟು ನಾದುವಾಗೆಲ್ಲ ನಿನ್ನ ಮಾತು ಕಿವಿಯಲ್ಲೇ ಇರುತ್ತದೆ. ಪಂಜರ ನಾಯಿಗೆ ಒಳ್ಳೆಯದೋ ಕೆಟ್ಟದ್ದೋ ನನಗೆ ಇನ್ನೂ ತಿಳಿದಿಲ್ಲ. ನಾನು ಮಾಡಿದ್ದು ಕೆಟ್ಟದ್ದು, ಅಷ್ಟು ತಿಳಿದಿದೆ. ಎದುರಿಗೆ ಹೇಳಲು ನನ್ನ ಬಾಯಿಗೆ ಬರುವುದಿಲ್ಲ ಮಲ್ಲಿ, ಬರೆದಿದ್ದೇನೆ.

ದೇವರು ಶರಣಬಸಪ್ಪ ನಿನ್ನನ್ನು ನೆಟ್ಟಗೆ ಇಟ್ಟಿರಲಿ. ಪಕ್ಕದ ಮನೆಯ ಅಫ್ಶೀನ್ ಸಲಾಂ ಹೇಳಿದ್ದಾಳೆ.

ನಿನ್ನ ಅವ್ವ,
ಶಿವಕಾಂತಮ್ಮ

ತಾ.ಕ.: ಮೈಬೂಬ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬಾದಶಾ ಮೂರು ದಿನದಿಂದ ಉಂಡಿಲ್ಲ. ಈ ಸಲ ನಿಜ. ನೀನು ನಂಬುವುದಿಲ್ಲವೆಂದೇ ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಡಾಕ್ಟರು ನೋಡಿ, ಮೈಯಲ್ಲಿ ರೋಗವೇನಿಲ್ಲ, ಅವನು ಹಚ್ಚಿಕೊಂಡವರು ಯಾರಾದರೂ ಉಣಿಸಲಿ ಅಂದರು. ನನ್ನ ಕೈ ಕಂಡರೆ ಮುಖ ತಿರುಗಿಸುತ್ತಾನೆ. ಮನೆಯಲ್ಲಿ ಯಾರನ್ನೂ ಕರೆದು ಕೂರಿಸಿಲ್ಲ, ಬೇಕಿದ್ದರೆ ಅಫ್ಶೀನಳಿಗೆ ಫೋನ್ ಮಾಡಿ ಕೇಳು. ಕೀಲಿ ಅವಳ ಹತ್ತಿರ ಕೊಟ್ಟಿದ್ದೇನೆ, ನೀನು ಬರುವತನಕ ಅವನಿಗೆ ನೀರಿಡುತ್ತಾಳೆ. ನಾನು ಈಗಲೇ ತಾಜಸುಲ್ತಾನಪುರಕ್ಕೆ ನನ್ನ ತಂಗಿಯ ಮನೆಗೆ ಹೊರಟಿದ್ದೇನೆ. ನೀನು ಬಂದು ಅವನಿಗೆ ಉಣಿಸು, ನಾನು ನಿನ್ನ ಎದುರಿಗೆ ಬರುವುದಿಲ್ಲ.