ನಲವತ್ತೆಂಟು ಡಿಗ್ರಿಗೆ ನನ್ನ ಮುದ್ರೆ ಇಲ್ಲ

ಮುಖ್ಯಸ್ಥರಾದ ಪ್ಯೋ ಅವರಿಗೆ,

ನಾಳೆ ನಮ್ಮ ಬಾಯ್ಲರ್ ಹೋಗಲಿರುವ ಸಾರ್ವಜನಿಕ ಸ್ನಾನಗೃಹಕ್ಕೆ ಬರುವ ಅಜ್ಜಿಯರು ಕನಸಿನಲ್ಲಿ ಬೆಂದ ಕಾಲು ತೋರಿಸಿ ನನ್ನನ್ನೇ ಬೈದರು.

ಬಿಸಿನೀರಿನ ಮಿತಿಯನ್ನು ನಲವತ್ತೆಂಟರಿಂದ ನಲವತ್ತಮೂರು ಡಿಗ್ರಿಗೆ ನೀವು ಇಳಿಸಿದ್ದು ಪ್ರೋಗ್ರಾಂಗಳು ಅಂಕೆಗಳನ್ನು ಎತ್ತಿಕೊಳ್ಳುವ ಕೋಡ್ ಲೈಬ್ರರಿಯಲ್ಲಿ ಮಾತ್ರ. ಅದು ಸ್ಥಿರಾಂಕ, ಬಾಯ್ಲರ್ ಪ್ರೋಗ್ರಾಂ ಕಂಪೈಲ್ ಆದಾಗಲೇ, ಅಂದರೆ ಯಂತ್ರದ ಭಾಷೆಗೆ ತಿರುಗಿದಾಗಲೇ, ಹಳೆಯ ಅಂಕೆ ಅದರೊಳಗೆ ಅಚ್ಚಾಗಿ ಕೂತಿದೆ. ಸ್ಥಿರಾಂಕದ ಬದಲು ಪ್ರಾಪರ್ಟಿಯಾಗಿದ್ದರೆ ಪ್ರೋಗ್ರಾಂ ಓಡುವಾಗ ಪ್ರತಿಸಲ ಲೈಬ್ರರಿಯನ್ನು ಕೇಳಿ ಹೊಸ ಅಂಕೆ ಪಡೆಯುತ್ತಿತ್ತು.

ಇದನ್ನು ಹೇಳಿದಾಗ ನೀವು “ಏನ್ ಗುಮ್ಸುನಕ್ಕಾ, ಎಂಟನೇ ಕ್ಲಾಸ್ ಬಿಟ್ಟೋಳು ನಮ್ಗೇ ಪಾಠ ಹೇಳ್ತೀಯಾ? ಸುಮ್ನೆ ಮುದ್ರೆ ಒತ್ತು” ಎಂದು ಎಲ್ಲರೆದುರು ನಕ್ಕಿರಿ. ನಗಿ. ನನಗೆ ಥರ್ಮಾಮೀಟರ್ ಓದಲು ಬರುತ್ತದೆ. ಪರೀಕ್ಷೆಯಲ್ಲಿ ನೀರು ನಲವತ್ತೇಳು ದಾಟಿತ್ತು. ಕೆಲಸದಿಂದ ತೆಗೆದರೂ ನಾನು ಪಾಸ್ ಎಂದು ಮುದ್ರೆ ಒತ್ತುವುದಿಲ್ಲ.

ಬಾಯ್ಲರ್ ಪ್ರೋಗ್ರಾಂ ಕೊನೆಯ ಸಲ ಕಂಪೈಲ್ ಆದ ದಿನಾಂಕವನ್ನು ದಯವಿಟ್ಟು ಇನ್ನೊಮ್ಮೆ ನೋಡಿ; ಅದು ನೀವು ಮಿತಿ ಇಳಿಸಿದ ದಿನಕ್ಕಿಂತ ಹಿಂದಿನದು.

ಇಂತಿ,
ಮಾಂಗ್ ಗುಮ್ಸುನ್
ಪರೀಕ್ಷಾ ವಿಭಾಗ, ದೇಗು