ರಷ್ಯನ್ ವಿಮಾನಕ್ಕೆ ಹಚ್ಚಿಸಿದ ಕುಂಕುಮ

ಸೀನಾ, ನನ್ನ ತಮ್ಮಾ,

ಆ ಚಳಿಗಾಲ ನೆನಪಿದೆಯಾ? ನಮ್ಮ ಪೈಲಟ್‌ಗಳು ಮುಷ್ಕರ ಹೂಡಿದ್ದರು. ಸೋವಿಯತ್ ಕಾಲದ ಜೆಟ್‌ಗಳು ತಮ್ಮದೇ ಸಿಬ್ಬಂದಿಯ ಸಮೇತ ಬಾಡಿಗೆಗೆ ಬಂದಿದ್ದವು. ಬೆಂಗಳೂರಿನ ನಿಲ್ದಾಣದಲ್ಲಿ ಮೆಕ್ಯಾನಿಕ್ ಆಗಿದ್ದ ನಿನಗೆ ಮನೆಗೆ ಬಂದರೂ ಅದರದೇ ಮಾತು. "ಮೂರೂ ಇಂಜಿನ್ ಬಾಲದ ಹತ್ರ ಅಕ್ಕಾ! ಶುರು ಮಾಡಿದ್ರೆ ಎದೆ ನಡುಗುತ್ತೆ!" ನಾಲ್ಕು ರಷ್ಯನ್ ಪದ ಕಲಿತು ನೀನು ಅಮ್ಮನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ.

ಅಂಥದ್ದೇ ಒಂದು ಜೆಟ್‌ನಲ್ಲಿ ನಾನು ದೆಹಲಿಗೆ ಹೊರಟ ಬೆಳಿಗ್ಗೆ, ಹೆದರಿಕೆಯಿಂದ ಕುಂಕುಮದ ಪೊಟ್ಟಣ ನಿನ್ನ ಕೈಗೆ ತುರುಕಿದೆ. "ವಿಮಾನಕ್ಕೆ ಇದನ್ನ ಹಚ್ಚಿದ್ರೆ ಮಾತ್ರ ನಾನು ಹತ್ತೋದು."

"ಆಯುಧಪೂಜೆಗೆ ಹಚ್ತೀವಲ್ಲ ಅಕ್ಕಾ, ಇವತ್ತ್ಯಾಕೆ?" ಎಂದು ಗೊಣಗಿದರೂ ನೀನು ಒಯ್ದೆ. ನೀರಲ್ಲಿ ಕಲಸಿ ಮುಂದಿನ ಚಕ್ರದ ಕಂಬಕ್ಕೆ ಹಚ್ಚಿದೆ. ಅದು ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಅವರ ಹೈಡ್ರಾಲಿಕ್ ಎಣ್ಣೆಯೂ ಕೆಂಪೇ ಎನ್ನುವುದು ಆತುರದಲ್ಲಿ ನಿನಗೆ ಹೊಳೆಯಲಿಲ್ಲ. ರಷ್ಯನ್ ಇಂಜಿನಿಯರ್ ಹನಿ ಕಂಡು ಸೋರಿಕೆ ಎಂದು ಕೂಗಿದ. ಕೂತಿದ್ದ ನಮ್ಮನ್ನೆಲ್ಲ ಕೆಳಗಿಳಿಸಿದರು. ಬೆರಳಿಗೆ ಅಂಟಿದ್ದನ್ನು ಮೂಸಿ ನೋಡಿ ಅವನು ಪಕ್ಕನೆ ನಕ್ಕ. ನಿನ್ನ ಮೇಲಧಿಕಾರಿ ನಗಲಿಲ್ಲ.

"ಯಾರು ಹೇಳಿದ್ದು ನಿನಗೆ?" ಎಂದು ಅವರು ಗದರಿದಾಗ ನಾನು ಹತ್ತೇ ಹೆಜ್ಜೆ ದೂರದಲ್ಲಿದ್ದೆ. ನೀನು ನನ್ನ ಕಡೆ ತಿರುಗಲೂ ಇಲ್ಲ. "ಯಾರೂ ಇಲ್ಲ ಸಾರ್. ನಾನೇ." ಮರುದಿನವೇ ನಿನ್ನನ್ನು ಉಗ್ರಾಣಕ್ಕೆ ಹಾಕಿದರು. ಕೆಲವೇ ವಾರಗಳಲ್ಲಿ ಆ ಜೆಟ್‌ಗಳು ತಮ್ಮ ದೇಶಕ್ಕೆ ಮರಳಿದವು. ನೀನು ಮಾತ್ರ ಮತ್ತೆಂದೂ ವಿಮಾನದ ಬಳಿ... ಒಂದು ಮಾತು ಹೇಳಬಹುದಿತ್ತಲ್ಲ ನಾನು? ಯಾಕೆ ಹೇಳಲಿಲ್ಲ?

ಹೋದ ಶನಿವಾರ ಚಪಾತಿ ಲಟ್ಟಿಸುತ್ತಿದ್ದೆ. ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿ, ನಿನ್ನ ಮಗಳು ಮಮತಳ ಮನೆಯಲ್ಲಿ. ವಿಕ್ಸಮ್ ಎಂಬ ಊರಿನಲ್ಲಿ ಕಾರಿನ ಗೇರ್‌ಬಾಕ್ಸ್ ಪರೀಕ್ಷಿಸುವ ಕೆಲಸ ಅವಳದು. ನಿನ್ನ ಮೊಮ್ಮಗಳು ಶಾಲೆಗೆ ತಾತನ ಬಗ್ಗೆ ಬರೆಯಬೇಕಿತ್ತು. ಮಮತ ಹೇಳುತ್ತಿದ್ದಳು: "ತಾತ ಪ್ಲೇನ್ ರಿಪೇರಿ ಮಾಡ್ತಿದ್ರು ಪುಟ್ಟಿ. ಏನೋ ಕೇರ್‌ಲೆಸ್ ಆಗಿದ್ರಂತೆ, ಆ ಕೆಲಸದಿಂದ ತೆಗೆದ್ರು. ಅದನ್ನ ಬರೀಬೇಡ."

ಹೇಳಿಬಿಟ್ಟೆ ಸೀನಾ. ಹಿಟ್ಟಿನ ಕೈಯಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. "ಅಪ್ಪ ತೀರಿಹೋಗೋವರೆಗೂ ನೀವು ಸುಮ್ನೆ ಇದ್ರಾ ಅತ್ತೆ?" ಎಂದಳು. ಹೌದೆಂದೆ. ಎರಡು ದಿನ ನನಗೆ ಊಟ ಬಡಿಸಿಟ್ಟು ತನ್ನ ಕೋಣೆ ಸೇರುತ್ತಿದ್ದಳು.

ಮೂರನೆಯ ಸಂಜೆ ಕೆಲಸದಿಂದ ಬಂದವಳು ಕೋಟನ್ನೂ ತೆಗೆಯದೆ ಎದುರು ಕೂತಳು. "ನಮ್ ಗೇರ್‌ಬಾಕ್ಸ್ ಆಯಿಲೂ ಕೆಂಪೇ ಅತ್ತೆ. ಒಂದು ಹನಿ ಕಂಡ್ರೆ ಟೆಸ್ಟ್ ನಿಲ್ಲಿಸ್ತೀವಿ. ಆ ರಷ್ಯನ್ ಮಾಡಿದ್ದು ಸರಿ. ಅಪ್ಪಂದು ತಪ್ಪೇ. ಆದ್ರೆ ಕೇರ್‌ಲೆಸ್ ಅಲ್ಲ. ನಿಮಗೋಸ್ಕರ..." ನನ್ನ ಭುಜಕ್ಕೆ ಹಣೆ ಒತ್ತಿದಳು. ನಿನ್ನ ಹಾಗೇ ಅಳುತ್ತಾಳೆ, ಸದ್ದಿಲ್ಲದೆ.

ಪುಟ್ಟಿ ಬೇರೆ ಹಾಳೆ ತೆಗೆದುಕೊಂಡು ಎಲ್ಲವನ್ನೂ ಹೊಸದಾಗಿ ಬರೆದಿದ್ದಾಳೆ. ಹೆದರುಪುಕ್ಕಲು ಅಕ್ಕನನ್ನೂ ಬಿಟ್ಟಿಲ್ಲ! ಶುಕ್ರವಾರ ತರಗತಿಯಲ್ಲಿ ಓದುತ್ತಾಳೆ. ನಾನೂ ಹೋಗುತ್ತೇನೆ. ಆ ಅಕ್ಕ ಯಾರೆಂದು ಯಾರೂ ಕೇಳದಿದ್ದರೂ ಎದ್ದು ನಿಲ್ಲುತ್ತೇನೆ.

ನಿನ್ನ ಅಕ್ಕ